ಮೇಲಿನ ಮನೆಯ ಬಿಸಿ, ಕೆಳಗಿನ ಮನೆಯ ಫಾರ್ವರ್ಡ್

ಒಂದೇ ಕಟ್ಟಡ, ಮೂರು ಮನೆ. ಕೆಳಗೆ ದೊಡ್ಡಪ್ಪ, ದೊಡ್ಡಮ್ಮ, ಅಜ್ಜಿ. ನಡುವೆ ನಾವು. ಮೇಲೆ ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಕ್ಕಳು. ಕೂಗಿದರೆ ಕೇಳುತ್ತದೆ, ಆದರೂ ಜಗಳವೆಲ್ಲ ವಾಟ್ಸಾಪ್ ಗುಂಪಿನಲ್ಲೇ. ಇದು ಈ ಬೇಸಿಗೆಯ ಮೊದಲನೆಯದು. ಯಾರ ಮಾತನ್ನೂ ತಿದ್ದಿಲ್ಲ. ನಡುನಡುವೆ ಬಂದ ಗುಡ್ ಮಾರ್ನಿಂಗ್ ಹೂವುಗಳನ್ನು ತೆಗೆದಿದ್ದೇನೆ.

ದೊಡ್ಡಪ್ಪ (ಹಲವು ಬಾರಿ ಫಾರ್ವರ್ಡ್ ಆದದ್ದು): ಬೇಸಿಗೆ ಬಂತು! ಎಸಿ ಬೇಡವೇ ಬೇಡ! ಮನೆಯವರೆಲ್ಲ ಸೇರಿ ಈ ಕೆಲಸಗಳನ್ನು ಮಾಡಿ. ಛಾವಣಿಗೆ ಬಿಳಿ ಬಣ್ಣ ಹಚ್ಚಿ, ಕೋಣೆ 15 ಡಿಗ್ರಿ ತಂಪು. ಎಲ್ಲ ಕಿಟಕಿ ದಿನವಿಡೀ ತೆರೆದಿಡಿ. ಫ್ಯಾನ್ ಮುಂದೆ ಐಸ್ ಬಟ್ಟಲು ಇಡಿ. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ. ಹೊರಗೆ ಹೋಗುವಾಗ ಫ್ಯಾನ್ ಹಾಕಿಯೇ ಹೋಗಿ, ಬರುವಷ್ಟರಲ್ಲಿ ಕೋಣೆ ತಣ್ಣಗಿರುತ್ತದೆ. ಎಸಿ ಇದ್ದವರು 16ಕ್ಕೆ ಇಡಿ, ಬೇಗ ತಂಪಾಗುತ್ತದೆ. ವಿಜ್ಞಾನಿಗಳೇ ಬೆರಗಾಗಿದ್ದಾರೆ! ಎಲ್ಲರಿಗೂ ಹಂಚಿ.

ದೊಡ್ಡಪ್ಪ: ಈ ಸಲ ಒಂದೊಂದಾಗಿ ಎಲ್ಲವನ್ನೂ ಮಾಡೋಣ.

ಅಣ್ಣ: ಎಸಿ ಬೇಡವೇ ಬೇಡ ಅಂತ ಶುರು, ಎಸಿ 16ಕ್ಕೆ ಇಡಿ ಅಂತ ಕೊನೆ. ಬರೆದವರು ಒಬ್ಬರೇನಾ?

ಚಿಕ್ಕಪ್ಪ: 😂😂

ಅಣ್ಣ: ಫ್ಯಾನಿನ ವಿಷಯ ಪೂರ್ತಿ ತಪ್ಪು ದೊಡ್ಡಪ್ಪ. ಫ್ಯಾನ್ ಕೋಣೆಯನ್ನು ತಂಪು ಮಾಡುವುದಿಲ್ಲ, ಮನುಷ್ಯನನ್ನು ತಂಪು ಮಾಡುತ್ತದೆ. ಬೆವರು ಬೇಗ ಆರುತ್ತದೆ, ಅಷ್ಟೇ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನ್ ತನ್ನ ಕರೆಂಟನ್ನೆಲ್ಲ ಶಾಖವಾಗಿ ಅಲ್ಲೇ ಬಿಡುತ್ತದೆ.

ದೊಡ್ಡಪ್ಪ: ಒಂದು ಫ್ಯಾನ್ ಎಷ್ಟು ಬಿಸಿ ಮಾಡೀತು?

ಅಣ್ಣ: ಜಾಸ್ತಿ ಇಲ್ಲ. ಹಳೇ ಸೀಲಿಂಗ್ ಫ್ಯಾನ್ ಸುಮಾರು 75 ವ್ಯಾಟ್. ಆದರೆ ಮೂರು ಫ್ಯಾನ್ ಎಂಟು ಗಂಟೆ ಸುಮ್ನೆ ತಿರುಗಿದರೆ 1.8 ಯೂನಿಟ್. ಯಾರಿಗೂ ಗಾಳಿ ಇಲ್ಲ, ಬಿಲ್ ಮಾತ್ರ ಇದೆ. ಕಡಿಮೆ ಕರೆಂಟ್ ತಿನ್ನುವ ಮೋಟರಿನ ಹೊಸ ಬಿಎಲ್‌ಡಿಸಿ ಫ್ಯಾನ್ ಆದರೆ 30 ವ್ಯಾಟ್ ಆಸುಪಾಸು.

ತಂಗಿ: ಅಜ್ಜಿಯ ಕೋಣೆಯ ವಿಷಯಕ್ಕೆ ಒಂದು ಮಾತು. ಒಳಗೆ 40 ಡಿಗ್ರಿ ದಾಟಿದರೆ ಫ್ಯಾನ್ ನೆಚ್ಚಿಕೊಳ್ಳಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಗ ಅದು ಮೈಗೆ ಬಿಸಿ ಗಾಳಿಯನ್ನೇ ತಳ್ಳುತ್ತದೆ. ವಯಸ್ಸಾದವರಿಗೆ ಬೆವರೂ ಕಡಿಮೆ, ಬಾಯಾರಿಕೆಯೂ ಬೇಗ ಗೊತ್ತಾಗುವುದಿಲ್ಲ. ಕೈಕಾಲಿಗೆ, ಕುತ್ತಿಗೆಗೆ ಒದ್ದೆ ಬಟ್ಟೆ ಒರೆಸಬೇಕು, ಕೇಳದಿದ್ದರೂ ನೀರು ಕೊಡುತ್ತಿರಬೇಕು.

ದೊಡ್ಡಮ್ಮ: ಕೊಡುತ್ತಿದ್ದೇನೆ.

(ಆ ದಿನ ಬೆಳಿಗ್ಗೆ ದೊಡ್ಡಮ್ಮ ಬರೆದದ್ದು ಇದೊಂದೇ. ಇದನ್ನು ನೆನಪಿಟ್ಟುಕೊಳ್ಳಿ.)

ಚಿಕ್ಕಮ್ಮ: ಐಸ್ ಬಟ್ಟಲು ನಾನು ಇಟ್ಟು ನೋಡಿದ್ದೇನೆ. ಮುಂದೆ ಕೂತರೆ ಹಾಯೆನಿಸುತ್ತದೆ.

ಅಣ್ಣ: ಮುಂದೆ ಕೂತರೆ ಸರಿ. ಕೋಣೆ ತಂಪಾಯಿತು ಅನ್ನಬೇಡಿ. ಲೆಕ್ಕ ಕೇಳಿ. ಒಂದು ಕೆಜಿ ಐಸ್ ಕರಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಸೆಕೆಂಡಿಗೆ ಸುಮಾರು 100 ಜೂಲ್ ಹೊರಗೆ ಬರುತ್ತದೆ. ಒಂದು ಗಂಟೆಯೊಳಗೆ ಲೆಕ್ಕ ಸಮ.

ಅತ್ತಿಗೆ: ಅಂದರೆ ಚಿಕ್ಕಪ್ಪ ಒಂದು ಗಂಟೆ ಎದ್ದು ಹೊರಗೆ ಹೋದರೆ ಒಂದು ಕೆಜಿ ಐಸ್ ಇಟ್ಟ ಹಾಗೆ.

ಚಿಕ್ಕಮ್ಮ: ಇದನ್ನು ಪಿನ್ ಮಾಡಿ.

ಚಿಕ್ಕಪ್ಪ: ನಾನು ಬೆಳಿಗ್ಗೆಯಿಂದ ಒಂದು ಮಾತೂ ಆಡಿಲ್ಲ!

ಅಣ್ಣ: ಆ ಐಸ್ ಮಾಡಿದ್ದು ಫ್ರಿಜ್. ನೀರಿನಿಂದ ತೆಗೆದ ಶಾಖವನ್ನೂ ತಾನು ತಿಂದ ಕರೆಂಟನ್ನೂ ಸೇರಿಸಿ ಹಿಂಭಾಗದಿಂದ ಅಡುಗೆಮನೆಗೇ ಬಿಡುತ್ತದೆ. ಒಟ್ಟು ಮನೆ ಲೆಕ್ಕದಲ್ಲಿ ನಷ್ಟ.

ಅತ್ತಿಗೆ: ಅಡುಗೆಮನೆಯಲ್ಲಿ ನಿಲ್ಲುವವರು ಯಾರು ಅಂತಲೂ ಆ ಲೆಕ್ಕದಲ್ಲಿ ಸೇರಿಸಿ.

ಅಣ್ಣ ಅದಕ್ಕೆ ಉತ್ತರ ಕೊಡದೆ ನೇರ ಒದ್ದೆ ಬಟ್ಟೆಗೆ ಹಾರಿದ. ಜಾಣ.

ಅಣ್ಣ: ಒದ್ದೆ ಬಟ್ಟೆ ಮಾತ್ರ ಕೆಲಸ ಮಾಡುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2400 ಕಿಲೋಜೂಲ್ ಬೇಕು. ಅಷ್ಟೇ ತೂಕದ ಐಸಿಗಿಂತ ಏಳು ಪಟ್ಟು. ಆದರೆ ಗಾಳಿ ಒಣಗಿರಬೇಕು.

ದೊಡ್ಡಪ್ಪ: ಗಾಳಿ ಒಣಗಿದೆಯಾ ಇಲ್ಲವಾ ಅಂತ ಹೇಗೆ ತಿಳಿಯುವುದು? ಅದಕ್ಕೂ ಮೆಷಿನ್ ತರಬೇಕಾ?

ತಂಗಿ: ಒಗೆದ ಬಟ್ಟೆ ನೋಡಿ ದೊಡ್ಡಪ್ಪ. ಹೊರಗೆ ಹಾಕಿ ಬಂದು ಸ್ವಲ್ಪ ಹೊತ್ತಿಗೆ ಗರಿಗರಿ ಆದರೆ ಗಾಳಿ ಒಣಗಿದೆ, ಪರದೆ ಒದ್ದೆ ಮಾಡಿ. ಸಂಜೆಯಾದರೂ ಕಾಲರ್ ಹಸಿ ಇದ್ದರೆ ಬೇಡ. ಆಗ ನೀರು ಆವಿಯಾಗುವುದೇ ಇಲ್ಲ, ಕೋಣೆ ಜಿಗುಟಾಗುತ್ತದೆ, ಗೋಡೆಗೆ ಬೂಷ್ಟು ಬರುತ್ತದೆ.

ಚಿಕ್ಕಪ್ಪ: ಎಸಿ 16ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಅನ್ನುವುದಾದರೂ ನಿಜ ತಾನೆ? ನಾನು ಹಾಗೇ ಇಡುವುದು.

ಅಣ್ಣ: ಇಲ್ಲ. ಹಳೇ ಮಾದರಿಯ ಕಂಪ್ರೆಸರ್ 16ಕ್ಕೂ 26ಕ್ಕೂ ಒಂದೇ ವೇಗದಲ್ಲಿ ಓಡುತ್ತದೆ. 16 ಅಂದರೆ ನಿಲ್ಲದೆ ಓಡು ಅಂತ ಅರ್ಥ. 26ಕ್ಕೆ ಇಟ್ಟು ಮೇಲಿನ ಫ್ಯಾನ್ ನಿಧಾನಕ್ಕೆ ಹಾಕಿ. ಫಿಲ್ಟರ್ ತೆಗೆದು ತೊಳೆಯಿರಿ. ಕಳೆದ ಬೇಸಿಗೆಯ ಧೂಳು ಇನ್ನೂ ಅದರಲ್ಲೇ ಇರುತ್ತದೆ.

ಚಿಕ್ಕಮ್ಮ: ಇದೆ.

ಇಲ್ಲಿಯವರೆಗೆ ಎಲ್ಲವೂ ತಮಾಷೆ. ಕಿಟಕಿಯ ವಿಷಯ ಬಂದ ಮೇಲೆ ದೊಡ್ಡಪ್ಪನಿಗೆ ನಿಜವಾಗಿ ಸಿಟ್ಟು ಬಂತು. ಅವರು ಗಾಳಿಯನ್ನು ನಂಬಿದವರು. ಮುಚ್ಚಿದ ಕಿಟಕಿ ಕಂಡರೆ ಯಾರ ಮನೆಯಾದರೂ ಎದ್ದು ಹೋಗಿ ತೆರೆಯುತ್ತಾರೆ.

ಚಿಕ್ಕಮ್ಮ: ದಿನವಿಡೀ ಕಿಟಕಿ ತೆರೆಯುವುದು ನನ್ನ ಕೈಲಾಗದು. ಬೆಳಿಗ್ಗೆ ಬಿಸಿಲು ಏರುವ ಮೊದಲೇ ಎಲ್ಲ ಮುಚ್ಚುತ್ತೇನೆ. ರಾತ್ರಿ ಹೊರಗೆ ತಣ್ಣಗಾದ ಮೇಲೆ ತೆರೆಯುತ್ತೇನೆ.

ದೊಡ್ಡಪ್ಪ: ಕಿಟಕಿ ಮುಚ್ಚಿ ಬದುಕುವುದು ಒಂದು ಬದುಕಾ? ಗಾಳಿ ಬೇಡವಾ?

ಚಿಕ್ಕಮ್ಮ: ಮಧ್ಯಾಹ್ನ ಬರುವುದು ಗಾಳಿ ಅಲ್ಲ ಭಾವ, ಝಳ.

ಅಣ್ಣ: ಎರಡು ಥರ್ಮಾಮೀಟರ್ ಸಾಕು. ಒಂದು ಒಳಗೆ, ಒಂದು ಹೊರಗೆ ನೆರಳಿನಲ್ಲಿ. ಹೊರಗಿನದು ಕಡಿಮೆ ಇದ್ದಾಗ ತೆರೆಯಿರಿ, ಜಾಸ್ತಿ ಇದ್ದಾಗ ಮುಚ್ಚಿ.

ಅತ್ತಿಗೆ: ಒಲೆ ಉರಿಯುವಾಗ ಮಾತ್ರ ಅಡುಗೆಮನೆ ಕಿಟಕಿ ಯಾವ ಥರ್ಮಾಮೀಟರನ್ನೂ ಕೇಳುವುದಿಲ್ಲ, ತೆರೆದೇ ಇರುತ್ತದೆ.

ತಂಗಿ: ರಾತ್ರಿ ಎದುರುಬದುರು ಎರಡು ಕಿಟಕಿ ತೆರೆಯಬೇಕು. ಒಂದೇ ತೆರೆದರೆ ಗಾಳಿ ಒಳಗೆ ಬಂದು ಹೊರಗೆ ಹೋಗಲು ದಾರಿ ಇರುವುದಿಲ್ಲ.

ದೊಡ್ಡಪ್ಪ: ನಮ್ಮ ಮನೆಯಲ್ಲಿ ಹಗಲು ತೆರೆದೇ ಇದೆ. ಏನೂ ಆಗಿಲ್ಲ. ತಣ್ಣಗೇ ಇದೆ.

ಚಿಕ್ಕಮ್ಮ: ನಿಮ್ಮದು ಕೆಳಗಿನ ಮನೆ ಭಾವ. ನಿಮ್ಮ ತಲೆ ಮೇಲೆ ಎರಡು ಮನೆ ಇದೆ. ನನ್ನ ತಲೆ ಮೇಲೆ ಸೂರ್ಯ ಇದ್ದಾನೆ.

(ಸ್ವಲ್ಪ ಹೊತ್ತು ಯಾರೂ ಟೈಪ್ ಮಾಡಲಿಲ್ಲ. ಅಜ್ಜಿ ಮಾತ್ರ ಒಂದು ಧ್ವನಿ ಸಂದೇಶ ಕಳಿಸಿದರು. ಅದರಲ್ಲಿ ಬರೀ ಟಿವಿಯ ಸದ್ದು ಇತ್ತು.)

ಚಿಕ್ಕಪ್ಪ: ಹಾಗಾದರೆ ಫಾರ್ವರ್ಡಿನ ಮೊದಲ ಮಾತಿಗೇ ಬರೋಣ. ಛಾವಣಿಗೆ ಬಿಳಿ ಬಣ್ಣ.

ದೊಡ್ಡಪ್ಪ: ಅದನ್ನೇ ನಾನು ಬೆಳಿಗ್ಗೆಯಿಂದ ಹೇಳುತ್ತಿರುವುದು. ನೀವು ಮಾಡಿಸಿಕೊಳ್ಳಿ. 15 ಡಿಗ್ರಿ ತಂಪು!

ತಂಗಿ: 15 ಡಿಗ್ರಿ ಕೋಣೆಯೊಳಗೆ ಇಳಿಯುವುದಿಲ್ಲ ದೊಡ್ಡಪ್ಪ. ಅದು ಛಾವಣಿಯ ಮೈಯ ಮಾತು. ನಡು ಮಧ್ಯಾಹ್ನ ಕಪ್ಪು ಛಾವಣಿಗೂ ಬಿಳಿ ಛಾವಣಿಗೂ ಮುಟ್ಟಿ ನೋಡಿದರೆ 20 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಹುದು. ಒಳಗೆ ಇಳಿಯುವುದು ಕೆಲವೇ ಡಿಗ್ರಿ. ಆದರೆ ಆ ಕೆಲವೇ ಡಿಗ್ರಿಯಲ್ಲಿ ನಿದ್ದೆ ಬರುವುದು, ಬಾರದಿರುವುದು ನಿಂತಿದೆ.

ದೊಡ್ಡಪ್ಪ: ವಿಜ್ಞಾನಿಗಳು ಬೆರಗಾಗಿದ್ದಾರೆ ಅಂತ ಬರೆದಿದೆಯಲ್ಲ?

ತಂಗಿ: ಬೆರಗಾದವರಲ್ಲ, ಮಾಡಿದವರು ಇದ್ದಾರೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಬೇರಿಯಂ ಸಲ್ಫೇಟ್ ಹಾಕಿ ಒಂದು ಬಿಳಿ ಬಣ್ಣ ಮಾಡಿದರು. ಬಿದ್ದ ಬಿಸಿಲಿನಲ್ಲಿ 98.1 ಶೇಕಡಾ ವಾಪಸ್ ಕಳಿಸುತ್ತದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಿಳಿ ಬಣ್ಣ 80ರಿಂದ 90. ನಮಗೆ ಅದೇ ಸಾಕು.

ಅಣ್ಣ: ಕಾಂಕ್ರೀಟ್ ಹಗಲೆಲ್ಲ ಬಿಸಿಲು ಕುಡಿದು ಕೆಲವು ಗಂಟೆ ತಡವಾಗಿ ಕೆಳಗೆ ಬಿಡುತ್ತದೆ. ಅದಕ್ಕೇ ಚಿಕ್ಕಮ್ಮನ ಮನೆಯಲ್ಲಿ ಸಂಜೆಯ ಮೇಲೆ ಸೆಕೆ ಜಾಸ್ತಿ. ಶಾಖ ಒಳಗೆ ಬಂದ ಮೇಲೆ ಐಸು, ಎಸಿ ಅಂತ ಒದ್ದಾಡುವುದಕ್ಕಿಂತ ಹೊರಗೇ ತಡೆಯುವುದು ಸುಲಭ. ಪಶ್ಚಿಮದ ಕಿಟಕಿಗೂ ಇದೇ ಮಾತು. ಒಳಗಿನ ಪರದೆಗಿಂತ ಹೊರಗೆ ಚಾಪೆಯೋ ಚಪ್ಪರವೋ ಕಟ್ಟಿ. ಗಾಜು ದಾಟಿ ಬಂದ ಬಿಸಿಲಿನ ಶಾಖ ಪರದೆಯ ಮೇಲೆ ಬಿದ್ದರೂ ಕೋಣೆಯಲ್ಲೇ ಉಳಿಯುತ್ತದೆ.

ಚಿಕ್ಕಮ್ಮ: ಸರಿ. ಛಾವಣಿ ಯಾರು ಮಾಡುವುದು?

ದೊಡ್ಡಪ್ಪ: ಛಾವಣಿ ನಿಮ್ಮ ಮನೆಯದಲ್ವಾ?

ಈ ಒಂದು ಸಾಲಿಗೆ ಬಂದ ಉತ್ತರಗಳನ್ನು ಪೂರ್ತಿ ಹಾಕಿದರೆ ಫೋನ್ ಬಿಸಿಯಾದೀತು. ಮುಖ್ಯವಾದವು ಮಾತ್ರ:

ಚಿಕ್ಕಮ್ಮ: ಬಟ್ಟೆ ಒಣಗಿಸುವಾಗ ಛಾವಣಿ ಎಲ್ಲರದು. ಹಳೇ ಮಂಚ, ಮುರಿದ ಸೈಕಲ್, ಖಾಲಿ ಡಬ್ಬ ಇಡುವಾಗ ಎಲ್ಲರದು. ಟ್ಯಾಂಕ್ ಎಲ್ಲರದು. ಬಿಸಿಲಿಗೆ ಮಾತ್ರ ನನ್ನದಾ?

ಚಿಕ್ಕಪ್ಪ: ಮಳೆ ನೀರು ಸೋರಿದಾಗಲೂ ನಮ್ಮದೇ. ಕಳೆದ ಸಲ ನಾನೇ ಬಕೆಟ್ ಹಿಡಿದು ನಿಂತಿದ್ದೆ.

ದೊಡ್ಡಪ್ಪ: ನಾನು ಒಳ್ಳೆಯದಾಗಲಿ ಅಂತ ಒಂದು ಮೆಸೇಜ್ ಹಾಕಿದರೆ ಎಲ್ಲರೂ ಸೇರಿ ನನ್ನ ಮೇಲೇ ಬೀಳುತ್ತೀರಿ.

ಅಣ್ಣ: ಬಿರುಕು ಇದ್ದರೆ ಮೊದಲು ಅದನ್ನು ತುಂಬಬೇಕು. ಬಿರುಕಿನ ಮೇಲೆ ಬಣ್ಣ ಬಳಿದರೆ ಮಳೆಗಾಲದಲ್ಲಿ ಪದರ ಪದರ ಏಳುತ್ತದೆ. ಗುಡಿಸಿ, ಪಾಚಿ ಉಜ್ಜಿ, ತೊಳೆದು, ಪೂರ್ತಿ ಒಣಗಿಸಬೇಕು. ಕಾದ ಕಾಂಕ್ರೀಟಿಗೆ ಹಚ್ಚಬಾರದು, ತಕ್ಷಣ ಒಣಗಿ ಹಿಡಿತ ಸಿಗುವುದಿಲ್ಲ. ಬೆಳಿಗ್ಗೆ ಬೇಗ ಇಲ್ಲವೇ ಸಂಜೆ. ಮೊದಲ ಕೋಟ್ ಒಣಗಿದ ಮೇಲೇ ಎರಡನೆಯದು. ಸುಣ್ಣ ಆದರೆ ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್. ಸುಟ್ಟುಬಿಡುತ್ತದೆ.

ತಂಗಿ: ಮುಗಿದ ಮೇಲೂ ಆಗಾಗ ತೊಳೆಯಬೇಕು. ಧೂಳು ಕೂತರೆ ಬಿಳಿ ಬಣ್ಣ ಬರೀ ಹೆಸರಿಗೆ.

ಅತ್ತಿಗೆ: ಇಷ್ಟುದ್ದ ಪಟ್ಟಿಯಲ್ಲಿ ಒಂದು ಹೆಸರೂ ಇಲ್ಲ. ಗುಡಿಸಬೇಕು, ಉಜ್ಜಬೇಕು, ತೊಳೆಯಬೇಕು. ಯಾರು?

ನನಗೆ ಇಡೀ ಚರ್ಚೆಯಲ್ಲಿ ಹಿಡಿಸಿದ ಪ್ರಶ್ನೆ ಇದೇ. ನಾವು ಕಿಲೋಜೂಲ್ ಎಣಿಸುತ್ತಿದ್ದೆವು. ಅತ್ತಿಗೆ ಕೈಗಳನ್ನು ಎಣಿಸುತ್ತಿದ್ದರು. ಮನೆ ಕೆಲಸದ ಫಾರ್ವರ್ಡುಗಳಲ್ಲಿ ‘ಮನೆಯವರೆಲ್ಲ ಸೇರಿ’ ಅಂತ ಬರೆದಿರುತ್ತದೆ, ಓದಿದವರು ಸಲಹೆ ಕೊಟ್ಟು ಪಕ್ಕಕ್ಕೆ ಸರಿಯುತ್ತಾರೆ, ಕೊನೆಗೆ ಒಬ್ಬರೋ ಇಬ್ಬರೋ ಹೆಂಗಸರು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಮೇಲೆ ಹೋಗುತ್ತಾರೆ. ನಾನೂ ಬರೀ ಥಂಬ್ಸ್ ಅಪ್ ಒತ್ತುತ್ತಿದ್ದೆ, ಅದೂ ನಿಜ.

ಆಗ ದೊಡ್ಡಮ್ಮ ಬಂದರು.

ದೊಡ್ಡಮ್ಮ: ಎಲ್ಲ ಓದಿದೆ. ಬೆಳಿಗ್ಗೆ ಅತ್ತೆಗೆ ಮೈ ಒರೆಸಿ, ಟ್ಯಾಂಕಿನ ಕೆಸರು ತೆಗೆಸಿ, ಕಂಬಳಿಗಳನ್ನು ಒಗೆದು ಮೇಲೆ ಹಾಕಿ ಬಂದೆ. ಅಷ್ಟರಲ್ಲಿ ಇವರು ಇಲ್ಲಿ ಮನೆ ತಂಪು ಮಾಡಿ ಮುಗಿಸಿದ್ದಾರೆ.

ದೊಡ್ಡಪ್ಪ: ನಾನು ಹೇಳಿದ್ದು

ದೊಡ್ಡಮ್ಮ: ತಡೆಯಿರಿ, ನಾನಿನ್ನೂ ಟೈಪ್ ಮಾಡುತ್ತಿದ್ದೇನೆ. ಛಾವಣಿ ಮೂರು ಮನೆಯದು. ಖರ್ಚು ಮೂರು ಪಾಲು. ಮಂಚ, ಸೈಕಲ್ ಯಾರದೋ ಅವರೇ ಇಳಿಸಬೇಕು. ಮಂಚ ನಮ್ಮದು, ಗೊತ್ತು. ಬಿರುಕು ತುಂಬುವುದು ಅಣ್ಣತಮ್ಮಂದಿರು. ಉಜ್ಜುವುದು ರಜೆಯಲ್ಲಿರುವ ಮಕ್ಕಳು, ಬಿಸಿಲು ಏರುವ ಮೊದಲು ಕೆಳಗೆ ಇಳಿಯಬೇಕು. ಅತ್ತೆಯನ್ನು ಆ ಹೊತ್ತಿಗೆ ನೋಡಿಕೊಳ್ಳುವುದು ನಡುಮನೆಯವರು. ಅಡುಗೆ ಆ ದಿನ ಯಾರು ಛಾವಣಿಗೆ ಬರುವುದಿಲ್ಲವೋ ಅವರು.

ಚಿಕ್ಕಪ್ಪ: ನಾನು ಛಾವಣಿಗೆ ಬರುತ್ತೇನೆ.

ಅಣ್ಣ: ನಾನೂ.

ಅತ್ತಿಗೆ: ನೋಡಿ, ಎಷ್ಟು ಬೇಗ!

ಚಿಕ್ಕಮ್ಮ: ಅಕ್ಕ, ಬಣ್ಣವಾ, ಸುಣ್ಣವಾ?

ದೊಡ್ಡಮ್ಮ: ಸುಣ್ಣ ಕಡಿಮೆ ಖರ್ಚು, ಆದರೆ ಮಳೆಗೆ ತೊಳೆದು ಹೋಗುತ್ತದೆ, ಮುಂದಿನ ವರ್ಷ ಮತ್ತೆ ಹಚ್ಚಬೇಕು. ಬಿರುಕು ಎಷ್ಟಿದೆ ನೋಡಿ ಆಮೇಲೆ ಹೇಳೋಣ.

ಅಣ್ಣ: ನಿನ್ನ ಮನೆಯ ಕೋಣೆಯೊಳಗೆ ಇವತ್ತೇ ಒಂದು ಥರ್ಮಾಮೀಟರ್ ಇಡುತ್ತೇನೆ ಚಿಕ್ಕಮ್ಮ. ಹಚ್ಚುವ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಬರೆದಿಡು. 15 ಇಳಿದರೆ ದೊಡ್ಡಪ್ಪ ಗೆದ್ದ ಹಾಗೆ.

ದೊಡ್ಡಪ್ಪ: 5 ಇಳಿದರೂ ಗೆದ್ದ ಹಾಗೇ.

ಚಿಕ್ಕಮ್ಮ: 2 ಇಳಿದರೂ ನಾನು ನಿಮಗೆ ಶಾಲು ಹೊದಿಸುತ್ತೇನೆ ಭಾವ.

ದೊಡ್ಡಪ್ಪ: ಬೇಸಿಗೆಯಲ್ಲಿ ಶಾಲು ಬೇಡ. ಭಾನುವಾರ ಎಷ್ಟು ಗಂಟೆಗೆ ಶುರು?

ದೊಡ್ಡಮ್ಮ: ಐದೂವರೆಗೆ.

ದೊಡ್ಡಪ್ಪ: ಅಷ್ಟು ಬೇಗ ನಾನು ಏನು ಮಾಡಲಿ?

ದೊಡ್ಡಮ್ಮ: ಪೊರಕೆ ನಿಮ್ಮ ಕುರ್ಚಿಯ ಪಕ್ಕದಲ್ಲೇ ಇಟ್ಟಿದ್ದೇನೆ. ಇಂದೇ ಹೋಗಿ ಒಂದು ಸಲ ಗುಡಿಸಿ ಬನ್ನಿ, ಬಿರುಕು ಎಲ್ಲಿದೆ ಅಂತ ಕಾಣಲಿ.