ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣ: ಮನೆಗಳ ನಡುವೆ ಹೇಗೆ ಬಂತು, ಎಷ್ಟು ದಿನ ಇರುತ್ತದೆ?

ಟುಲ್ಲಿ ರಸ್ತೆಯ ಹೊಸಬ:

ಬಳಗದ ಎಲ್ಲರಿಗೂ ನಮಸ್ಕಾರ. ನಾವು ಈಚೆಗೆ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಪೂರ್ವ ಭಾಗಕ್ಕೆ, ಈಸ್ಟ್‌ರಿಡ್ಜ್ ಮಾಲ್‌ನ ಸಮೀಪಕ್ಕೆ ಮನೆ ಬದಲಿಸಿದ್ದೇವೆ. ಒಂದೇ ಇಂಜಿನ್ನಿನ ಸಣ್ಣ ವಿಮಾನಗಳು ಮಾಲ್‌ನ ಕಡೆಯಿಂದ ತಗ್ಗಾಗಿ ಬಂದು, ರೀಡ್-ಹಿಲ್‌ವ್ಯೂ ನಿಲ್ದಾಣದ ರನ್‌ವೇಗೆ ಚಕ್ರ ತಾಗಿಸಿ, ನಿಲ್ಲದೆ ಮತ್ತೆ ಮೇಲೇರುವುದು ನಮ್ಮ ಅಡುಗೆಮನೆಯ ಕಿಟಕಿಯಿಂದಲೇ ಕಾಣುತ್ತದೆ. ಇಷ್ಟು ಒತ್ತಾದ ವಸತಿಯ ನಡುವೆ ಇಂಥದ್ದೊಂದು ನಿಲ್ದಾಣಕ್ಕೆ ಜಾಗ ಕೊಟ್ಟವರು ಯಾರು, ಅದನ್ನು ಮುಚ್ಚುತ್ತಾರೆಂಬ ಮಾತು ನಿಜವೇ, ಇಂಧನದಲ್ಲಿ ಸೀಸವಿದೆ ಎನ್ನುತ್ತಾರಲ್ಲ, ಚಿಕ್ಕ ಮಕ್ಕಳಿರುವ ಮನೆಯವರು ಅದಕ್ಕೆ ಎಷ್ಟರ ಮಟ್ಟಿಗೆ ಚಿಂತಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಹಳೆಯ ನಿವಾಸಿ:

ಜಾಗ ಕೊಟ್ಟವರು ಯಾರು ಎಂಬ ಪ್ರಶ್ನೆಯನ್ನೇ ಸ್ವಲ್ಪ ತಿರುಗಿಸಿ ಕೇಳಬೇಕಾಗುತ್ತದೆ, ಏಕೆಂದರೆ ಇಲ್ಲಿ ಮೊದಲು ಬಂದದ್ದು ನಿಲ್ದಾಣ, ಆಮೇಲೆ ಬಂದದ್ದು ಮನೆಗಳು. ಬಾಬ್ ಮತ್ತು ಸೆಸಿಲ್ ರೀಡ್ ಎಂಬ ಸಹೋದರರು ಮೊದಲು ನಡೆಸುತ್ತಿದ್ದ ಗಾರ್ಡನ್ ಸಿಟಿ ಎಂಬ ವಿಮಾನ ನಿಲ್ದಾಣದ ಜಾಗವು 101ನೇ ಹೆದ್ದಾರಿಯ ಪಾಲಾದ ಮೇಲೆ, 1930ರ ದಶಕದ ಕೊನೆಯಲ್ಲಿ ಇಲ್ಲಿ ಹೊಸದಾಗಿ ಆರಂಭಿಸಿದರು. ಆಗ ಸಾಂತಾ ಕ್ಲಾರಾ ಕಣಿವೆ ಎಂದರೆ ಪ್ಲಮ್, ಏಪ್ರಿಕಾಟ್ ಹಣ್ಣಿನ ತೋಟಗಳ ನಾಡು. ಸಿಲಿಕಾನ್ ವ್ಯಾಲಿ ಎಂಬ ಮಾತು ಯಾರ ಬಾಯಲ್ಲೂ ಇರಲಿಲ್ಲ. 1961ರಲ್ಲಿ ಸಾಂತಾ ಕ್ಲಾರಾ ಕೌಂಟಿ, ಅಂದರೆ ಇಲ್ಲಿನ ಜಿಲ್ಲಾಡಳಿತ, ಇದನ್ನು ಕೊಂಡಿತು. 1960ರ ದಶಕದಲ್ಲೇ ಕಂಟ್ರೋಲ್ ಟವರ್ ಬಂತು. ತಾವು ಹೇಳುವ ಮಾಲ್ ತೆರೆದದ್ದು 1971ರಲ್ಲಿ, ಅದೂ ರನ್‌ವೇಯ ಆಗ್ನೇಯ ತುದಿಯ ಎದುರಿಗೇ. ತೋಟಗಳನ್ನು ಕಡಿದು ಬಡಾವಣೆಗಳನ್ನು ನಿಲ್ದಾಣದ ಬೇಲಿಯವರೆಗೂ ತಂದದ್ದು ಯೋಜನೆ ಮಂಜೂರು ಮಾಡಿದವರ ತಪ್ಪು ಎಂದು ನಾನು ಭಾವಿಸುತ್ತೇನೆ. ಆದರೆ ಮನೆ ಕೊಂಡ ಬಡ ಹಾಗೂ ಮಧ್ಯಮ ವರ್ಗದ ಕುಟುಂಬಗಳಿಗೆ, ಬಹುಪಾಲು ಲ್ಯಾಟಿನೋ ಮತ್ತು ವಿಯೆಟ್ನಾಮೀ ಮೂಲದವರಿಗೆ, ‘ನಿಲ್ದಾಣವೇ ಮೊದಲಿತ್ತು’ ಎಂಬ ಉತ್ತರದಿಂದ ಏನೂ ಸಿಗುವುದಿಲ್ಲ ಎಂಬುದೂ ಅಷ್ಟೇ ನಿಜ.

ವಾರಾಂತ್ಯದ ಪೈಲಟ್:

ನಾನು ಹಾರಾಟ ಕಲಿತದ್ದು ಇದೇ ನಿಲ್ದಾಣದಲ್ಲಿ, ಆದ್ದರಿಂದ ನನ್ನ ಮಾತಿನಲ್ಲಿ ಸ್ವಲ್ಪ ಪಕ್ಷಪಾತವಿರಬಹುದೆಂದು ಮೊದಲೇ ತಿಳಿಸಿಬಿಡುತ್ತೇನೆ.

ಇಲ್ಲಿ ಸುಮಾರು 3100 ಅಡಿ ಉದ್ದದ ಎರಡು ರನ್‌ವೇಗಳು ಅಕ್ಕಪಕ್ಕದಲ್ಲಿವೆ. ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುವುದರಿಂದ ವಿಮಾನಗಳು ಅದಕ್ಕೆ ಎದುರಾಗಿ, ಅಂದರೆ ಮಾಲ್‌ನ ಕಡೆಯಿಂದ ಇಳಿಯುತ್ತವೆ. ಬಲ ರನ್‌ವೇಯವರು ಬಲಕ್ಕೂ ಎಡ ರನ್‌ವೇಯವರು ಎಡಕ್ಕೂ ತಿರುಗಿ, ನೆಲದಿಂದ ಸುಮಾರು ಸಾವಿರ ಅಡಿ ಎತ್ತರದಲ್ಲಿ ಆಯತಾಕಾರದ ಸುತ್ತು ಹಾಕಿ ಮರಳುತ್ತಾರೆ. ನಿಮ್ಮ ಕಿಟಕಿಯಿಂದ ಕಾಣುವುದು ಈ ‘ಟಚ್ ಅಂಡ್ ಗೋ’ ಅಭ್ಯಾಸವೇ. ವಿದ್ಯಾರ್ಥಿಗೆ ಇಳಿಯುವುದು ಕೈಗೂಡುವವರೆಗೆ ಇದನ್ನು ಬಿಟ್ಟರೆ ಬೇರೆ ದಾರಿಯಿಲ್ಲ. ಇಲ್ಲಿ ವರ್ಷಕ್ಕೆ ಎರಡು ಲಕ್ಷದ ಆಸುಪಾಸಿನಲ್ಲಿ ನಡೆದಿರುವ ಏರಿಳಿತಗಳಲ್ಲಿ ದೊಡ್ಡ ಪಾಲು ಇಂಥ ತರಬೇತಿಯದ್ದು. ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯದ ವಾಯುಯಾನ ವಿಭಾಗವೂ ಇಲ್ಲಿಯೇ ಇದೆ. ನಾಲ್ಕೈದು ಮೈಲಿ ದೂರದ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಜೆಟ್‌ಗಳ ಸಾಲಿನ ನಡುವೆ ಕಲಿಯುವವರ ಸೆಸ್ನಾದಂಥ ಸಣ್ಣ ವಿಮಾನಗಳನ್ನು ತುರುಕಬಾರದೆಂಬುದೇ ಇಂಥ ನಿಲ್ದಾಣಗಳಿಗೆ ಒಕ್ಕೂಟ ಸರ್ಕಾರ ಹಣ ಕೊಡುವುದಕ್ಕೆ ಮುಖ್ಯ ಕಾರಣ. 1989ರ ಲೋಮಾ ಪ್ರಿಯೆಟಾ ಭೂಕಂಪದಲ್ಲಿ ಬೆಟ್ಟದಾಚೆಯ ಊರಾದ ವಾಟ್ಸನ್‌ವಿಲ್‌ನ ರಸ್ತೆಗಳು ಕೆಟ್ಟಾಗ ಸಣ್ಣ ವಿಮಾನಗಳವರೇ ಅಲ್ಲಿಗೆ ಸಾಮಗ್ರಿ ಸಾಗಿಸಿದ್ದನ್ನು ಇಲ್ಲಿನ ಪೈಲಟ್‌ಗಳು ಇಂದಿಗೂ ನೆನಪಿಸುತ್ತಾರೆ.

ಇಬ್ಬರು ಮಕ್ಕಳ ತಾಯಿ:

ಸೀಸದ ವಿಷಯವನ್ನು ಪೈಲಟ್ ಮಹಾಶಯರು ಬದಿಗಿಟ್ಟಿದ್ದಾರೆ, ಆದ್ದರಿಂದ ಅದನ್ನು ನಾನು ಬರೆಯುತ್ತೇನೆ. ಸಣ್ಣ ವಿಮಾನಗಳ ಸಾಂಪ್ರದಾಯಿಕ ಇಂಧನವಾದ 100 ಎಲ್‌ಎಲ್‌ನ ಒಂದು ಲೀಟರಿನಲ್ಲಿ ಅರ್ಧ ಗ್ರಾಂಗಿಂತ ತುಸು ಹೆಚ್ಚು ಸೀಸ ಇರಬಹುದು. ಹೆಚ್ಚಿನ ಒತ್ತಡದ ಇಂಜಿನ್‌ಗಳಲ್ಲಿ ಇಂಧನವು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯದಿರಲೆಂದು ಅದನ್ನು ಬೆರೆಸುತ್ತಾರೆ. ರಸ್ತೆಯ ವಾಹನಗಳಿಗೆ ಅಮೆರಿಕದಲ್ಲಿ 1996ರಲ್ಲಿ, ಭಾರತದಲ್ಲಿ 2000ದಲ್ಲಿ ಸೀಸದ ಪೆಟ್ರೋಲ್ ನಿಂತುಹೋದರೂ ವಿಮಾನಗಳಿಗೆ ಮಾತ್ರ ರಿಯಾಯಿತಿ ಮುಂದುವರಿಯಿತು. ಕೌಂಟಿಯೇ ಮಾಡಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವು ಹತ್ತು ವರ್ಷಗಳ ಸುಮಾರು 17,000 ರಕ್ತಪರೀಕ್ಷೆಗಳನ್ನು ಪರಿಶೀಲಿಸಿ, ನಿಲ್ದಾಣದಿಂದ ಅರ್ಧ ಮೈಲಿಯೊಳಗೆ ವಾಸಿಸುವ ಹಾಗೂ ಗಾಳಿ ಸಾಗುವ ದಿಕ್ಕಿನಲ್ಲಿರುವ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದೆಯೆಂದೂ, ಹಾರಾಟ ಹೆಚ್ಚಿದಂತೆ ಅದೂ ಹೆಚ್ಚುತ್ತದೆಯೆಂದೂ ಹೇಳಿತು. ಅದರ ಬೆನ್ನಿಗೇ 2022ರ ಜನವರಿ 1ರಿಂದ ಕೌಂಟಿ ತನ್ನ ನಿಲ್ದಾಣಗಳಲ್ಲಿ ಸೀಸದ ಇಂಧನದ ಮಾರಾಟವನ್ನೇ ನಿಲ್ಲಿಸಿತು. 2023ರ ಅಕ್ಟೋಬರಿನಲ್ಲಿ ಒಕ್ಕೂಟದ ಪರಿಸರ ಸಂಸ್ಥೆಯೂ ಈ ಹೊಗೆ ಆರೋಗ್ಯಕ್ಕೆ ಅಪಾಯವೆಂದು ವಿಧ್ಯುಕ್ತವಾಗಿ ಘೋಷಿಸಿದೆ.

ತಾವು ಮಕ್ಕಳ ವೈದ್ಯರನ್ನು ಕೇಳಿ ಒಮ್ಮೆ ರಕ್ತಪರೀಕ್ಷೆ ಮಾಡಿಸಿಬಿಡಿ, ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಮೀರಿದರೆ ಮುಂದಿನ ಕ್ರಮ ಕೈಗೊಳ್ಳುತ್ತಾರೆ. ಮನೆ 1978ಕ್ಕೆ ಮೊದಲಿನದಾದರೆ ಹಳೆಯ ಬಣ್ಣದ ಸಿಪ್ಪೆಯನ್ನೂ ನೋಡಿ. ಊರಿನಿಂದ ತಂದ ಬಿಡಿ ಕುಂಕುಮ, ಕಾಡಿಗೆ, ಸಡಿಲ ಅರಿಶಿನ ಪುಡಿಯಲ್ಲೂ ಸೀಸ ಇರಬಹುದೆಂಬುದನ್ನು ನಮ್ಮವರು ವಿಮಾನವನ್ನು ಬೈಯುವ ಭರದಲ್ಲಿ ಮರೆಯುತ್ತಾರೆ.

ವಾರಾಂತ್ಯದ ಪೈಲಟ್:

ತಾಯಿಯವರ ಮಾತನ್ನು ಒಪ್ಪುತ್ತೇನೆ. ಒಂದು ತೊಡಕನ್ನು ಮಾತ್ರ ಸೇರಿಸಬೇಕು. ಬದಲಿಗೆ ಬಂದ ಯುಎಲ್ 94 ಎಂಬ ಸೀಸರಹಿತ ಇಂಧನ ತರಬೇತಿಯ ಬಹಳಷ್ಟು ವಿಮಾನಗಳಿಗೆ ಸಾಕು, ಆದರೆ ನೂರು ಆಕ್ಟೇನ್ (ಹೊತ್ತಲ್ಲದ ಹೊತ್ತಿನ ಸಿಡಿತವನ್ನು ತಡೆಯುವ ಶಕ್ತಿಯ ಅಳತೆ) ಬೇಡುವ ದೊಡ್ಡ ಇಂಜಿನ್‌ಗಳಿಗೆ ಆಗದು. ಅಂಥ ವಿಮಾನಗಳು ಬೇರೆ ನಿಲ್ದಾಣಕ್ಕೆ ಹೋಗಿ ಸೀಸದ ಇಂಧನವನ್ನೇ ತುಂಬಿಸಿಕೊಂಡು ಬರುತ್ತಿದ್ದವು. ನೂರು ಆಕ್ಟೇನಿನ ಸೀಸರಹಿತ ಇಂಧನವಾದ ಜಿ 100 ಯುಎಲ್‌ಗೆ 2022ರಲ್ಲಿ ಒಕ್ಕೂಟದ ವಿಮಾನಯಾನ ಸಂಸ್ಥೆಯಾದ ಎಫ್‌ಎಎಯ ಅನುಮತಿ ಸಿಕ್ಕಿ, 2024ರ ಕೊನೆಯಲ್ಲಿ ಇಲ್ಲಿ ಅದರ ಮಾರಾಟವೂ ಆರಂಭವಾಯಿತು. ಅದು ವಿಮಾನದ ಬಣ್ಣ ಮತ್ತು ಟ್ಯಾಂಕಿನ ಬಿರುಕು ಮುಚ್ಚುವ ಅಂಟಿಗೆ ಹಾನಿ ಮಾಡುತ್ತದೆಯೆಂದು ಕೆಲವು ಮಾಲೀಕರು ದೂರುತ್ತಾರೆ, ತಯಾರಕರು ಒಪ್ಪುವುದಿಲ್ಲ.

ಟುಲ್ಲಿ ರಸ್ತೆಯ ಹೊಸಬ:

ಎಲ್ಲರಿಗೂ ಕೃತಜ್ಞತೆಗಳು, ರಕ್ತಪರೀಕ್ಷೆಗೆ ಈ ವಾರವೇ ಸಮಯ ಕೇಳುತ್ತೇನೆ. ಒಂದು ಸಂದೇಹ ಉಳಿದಿದೆ: ಜಾಗ ಕೌಂಟಿಯದೇ ಆಗಿದ್ದು, ಮುಚ್ಚುವ ಮನಸ್ಸೂ ಅದಕ್ಕಿದ್ದ ಮೇಲೆ, ಮುಚ್ಚದಿರಲು ಅಡ್ಡಿಯೇನು?

ಹಳೆಯ ನಿವಾಸಿ:

ಅಡ್ಡಿ ಹಣದ ಷರತ್ತು. ಎಫ್‌ಎಎಯಿಂದ ನಿಲ್ದಾಣದ ಅಭಿವೃದ್ಧಿಗೆ ಅನುದಾನ ಪಡೆದವರು ಸಾಮಾನ್ಯವಾಗಿ ಮುಂದಿನ 20 ವರ್ಷ ಅದನ್ನು ನಡೆಸಲೇಬೇಕೆಂಬ ಕರಾರು ಬರೆದುಕೊಟ್ಟಿರುತ್ತಾರೆ. ಕೌಂಟಿ ಕೊನೆಯ ಅನುದಾನ ಪಡೆದದ್ದು 2011ರಲ್ಲಿ, ಹಾಗಾಗಿ ಕರಾರು 2031ರವರೆಗೆ ಇದೆ. ಹೊಸ ಅನುದಾನ ಬೇಡವೆಂದು ಕೌಂಟಿಯ ಆಡಳಿತ ನಡೆಸುವ ಮೇಲ್ವಿಚಾರಕರ ಮಂಡಳಿ 2018ರಲ್ಲೇ ತೀರ್ಮಾನಿಸಿತು, ಅವಧಿಗೆ ಮೊದಲೇ ಮುಚ್ಚಲು ಅನುಮತಿ ಪಡೆಯಬೇಕೆಂದು 2021ರಲ್ಲಿ ಸರ್ವಾನುಮತದಿಂದ ನಿರ್ಣಯಿಸಿತು. ಎಫ್‌ಎಎ ಮಾತ್ರ ಇಂಧನ ನಿಷೇಧವೇ ಕರಾರಿಗೆ ವಿರುದ್ಧವೇ ಎಂದು ಕೌಂಟಿಯ ಮೇಲೆ ತನಿಖೆಗೆ ಇಳಿಯಿತು. ಮನೆ ಕೊಳ್ಳುವ ಯೋಚನೆ ತಮಗಿದ್ದರೆ, 2031ರವರೆಗೆ ಈ ಸದ್ದು ಇದ್ದೇ ಇರುತ್ತದೆಂದು ಎಣಿಸಿಯೇ ಬೆಲೆ ಮಾತನಾಡಿ.