ಡೈಸ್ ಬಿಟ್ಟು ಹೆಡ್‌ಸೆಟ್ ಹಾಕಿದ್ಮೇಲೆ ರೋಲ್‌ಪ್ಲೇ ಉಳಿತದಾ?

ಕದ್ರಿಕಂಬಳ_ಡಿಎಂ

ಸ್ವಲ್ಪ ಉದ್ದ ಉಂಟು, ಪುರುಸೊತ್ತಲ್ಲಿ ಓದಿ. ನಾವು ಐದು ಜನ ಫ್ರೆಂಡ್ಸ್ 2018ರಿಂದ ಕದ್ರಿ ಕಂಬಳದ ನಮ್ಮನೆ ಮಾಳಿಗೆಯಲ್ಲಿ ಪ್ರತಿ ಭಾನುವಾರ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಆಡ್ತಿದ್ದೆವು. ಡಿಎಂ ನಾನು, ಅಂದ್ರೆ ಕತೆ ನಡೆಸುವವ, ಬಾಕಿ ನಾಲ್ವರಿಗೆ ಒಂದೊಂದು ಪಾತ್ರ. ಒಂದು ನೋಟ್‌ಬುಕ್ಕು, ಪೆನ್ಸಿಲ್ಲು, ಇಪ್ಪತ್ತು ಮುಖದ ಡೈಸು, ಉಳಿದದ್ದು ಪೂರಾ ಬಾಯಲ್ಲೇ.

ಈಗ ಮಾಳಿಗೆ ಖಾಲಿ. ಒಬ್ಬ ಕುವೈತ್, ಒಬ್ಳು ಪುಣೆ, ಇಬ್ಬರು ಬೆಂಗಳೂರು. ಕುವೈತಲ್ಲಿ ರಜೆ ಶುಕ್ರವಾರ ಶನಿವಾರ, ಹಾಗಾಗಿ ಎಲ್ರಿಗೂ ಆಗುದು ಶನಿವಾರ ಒಂದೇ, ನಮ್ಮ ರಾತ್ರಿ ಹತ್ತಕ್ಕೆ ಅವನಿಗೆ ಏಳೂವರೆ. ಎರಡು ತಿಂಗಳಿಂದ ಬಾಲ್ಡರ್ಸ್ ಗೇಟ್ 3 ಆಡ್ತಾ ಇದ್ದೇವೆ, ಡಿಸ್ಕಾರ್ಡ್ ಅನ್ನುವ ಆ್ಯಪಲ್ಲಿ ಮಾತು. ಅದು ನಾವು ಟೇಬಲಲ್ಲಿ ಆಡುವ ಐದನೇ ಎಡಿಷನ್ ರೂಲ್ಸ್ ಮೇಲೇ ಮಾಡಿದ ಗೇಮ್, ಡೈಸ್ ಕೂಡ ಸ್ಕ್ರೀನ್ ಮೇಲೆ ಉರುಳ್ತದೆ. ನೋಡ್ಲಿಕ್ಕೆ ಭಾರೀ ಚಂದ ಉಂಟು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ನನಗೆ ಮನಸ್ಸು ತುಂಬುದಿಲ್ಲ.

ಯಾಕೆ ಅಂತ ಒಂದು ಉದಾಹರಣೆ ಹೇಳ್ತೇನೆ. 2022ರ ಜುಲೈ, ಹೊರಗೆ ಮಳೆ ಅಂದ್ರೆ ಮಳೆ, ಕರೆಂಟಿಲ್ಲ, ಮೇಣದಬತ್ತಿ ಇಟ್ಕೊಂಡು ಆಡ್ತಿದ್ದೇವೆ. ಕತೆಯಲ್ಲಿ ಒಬ್ಬ ದೋಣಿಯವ ಹೊಳೆ ದಾಟಿಸ್ಲಿಕ್ಕೆ ಒಪ್ಪುದಿಲ್ಲ. ನಾನು ಎಣಿಸಿದ್ದು ಇವರು ದುಡ್ಡು ಕೊಡ್ತಾರೆ ಅಥವಾ ಹೆದರಿಸ್ತಾರೆ ಅಂತ. ಈಗ ಪುಣೆಯಲ್ಲಿರುವವಳು ಗೋಳಿಬಜೆ ತಟ್ಟೆ ಬದಿಗೆ ಸರಿಸಿ, ಮುಂದೆ ಬಾಗಿ, ಮೆಲ್ಲ ಕೇಳಿದ್ಲು, ನಿನ್ನ ದೋಣಿಗೆ ಈ ಹೆಸರು ಇಟ್ಟದ್ದು ಯಾರು ಅಂತ. ನನ್ನತ್ರ ಉತ್ತರ ಇರ್ಲಿಲ್ಲ. ಅಲ್ಲೇ ಅವನಿಗೊಂದು ಮಗಳು ಹುಟ್ಟಿದ್ಲು, ಆ ಮಗಳು ಕಾಣೆಯಾದದ್ದು, ಅವಳನ್ನು ಹುಡುಕ್ಲಿಕ್ಕೆ ಹೊರಟದ್ದು, ಅದೇ ಮುಂದೆ ಒಂದು ವರ್ಷದ ಕತೆ ಆಯ್ತು. ಗೇಮಲ್ಲಿ ದೋಣಿಯವನ ಎದುರು ನಿಂತರೆ ಸ್ಕ್ರೀನ್ ಮೇಲೆ ನಾಲ್ಕೈದು ಸಾಲು ಬರ್ತದೆ, ಅದರಲ್ಲೊಂದು ಒತ್ತಬೇಕು. ಹೆಸರಿನ ಪ್ರಶ್ನೆ ಅಲ್ಲಿ ಇರುದೇ ಇಲ್ಲ.

ಇನ್ನೊಂದು ಸಂಗತಿ. ಪುಣೆಯವಳಿಗೆ ಮಗು ಸಣ್ಣದು, ಇಷ್ಟು ದಿನ ಬರ್ಲಿಲ್ಲ, ಈಗ ಬರ್ತೇನೆ ಅಂತಾಳೆ. ಆದ್ರೆ ಆ ಗೇಮಲ್ಲಿ ಜಾಗ ಇರುದು ನಾಲ್ಕೇ ಜನಕ್ಕೆ. ನನ್ನ ಸೀಟ್ ಅವಳಿಗೆ ಕೊಟ್ಟು ನಾನು ಬಿಟ್ಬಿಡುವ ಅಂತ ಉಂಟು. ಟೇಬಲ್ ಆಟದಿಂದ ಆನ್‌ಲೈನಿಗೆ ಹೋದವರು ಬೇರೆ ಯಾರಾದ್ರೂ ಇದ್ದೀರಾ? ನಿಮಗೆ ಹೀಗೆ ಆಗಿದ್ದುಂಟಾ?

ಮಣಿಪಾಲ_ವೈಕಿಂಗ್

ಅಣ್ಣ, ನೀವು ತಪ್ಪು ಗೇಮಲ್ಲಿ ಹುಡುಕ್ತಿದ್ದೀರಿ ಅಂತ ನನಗೆ ಕಾಣ್ತದೆ. ರೆಡಿ ಕತೆ ಇರುವ ಗೇಮ್ ಬಿಟ್ಟು ಕತೆಯೇ ಇಲ್ಲದ್ದನ್ನು ಆಡಿ. ನಾವು ಹಾಸ್ಟೆಲಲ್ಲಿ ಆರು ಜನ ವ್ಯಾಲ್‌ಹೈಮ್ ಆಡುದು, ಹತ್ತು ಜನದವರೆಗೆ ಒಟ್ಟಿಗೆ ಆಡಬಹುದು, ಹಾಗಾಗಿ ನಿಮ್ಮ ಐದನೇ ಸೀಟಿನ ತಲೆಬಿಸಿಯೇ ಇಲ್ಲ.

ಮೊನ್ನೆ ರಾತ್ರಿ ದೋಣಿ ಮಾಡಿಕೊಂಡು ದೂರದ ದ್ವೀಪಕ್ಕೆ ಹೊರಟೆವು, ನಡುವಲ್ಲಿ ಬಿರುಗಾಳಿ, ನೀರಿಂದ ಹಾವು ಎದ್ದು ಬಂತು, ದೋಣಿ ಒಡೆದು ಹೋಯ್ತು. ಆ ಗೇಮಲ್ಲಿ ಸತ್ತರೆ ನಿಮ್ಮ ಸಾಮಾನೆಲ್ಲ ಸತ್ತ ಜಾಗದಲ್ಲೇ ಉಳಿತದೆ, ವಾಪಸ್ ಹೋಗಿ ತರಬೇಕು. ನನ್ನ ರೂಂಮೇಟಿನದ್ದು ನಡುಸಮುದ್ರದಲ್ಲಿ. ಮರುದಿನ ಅವನಿಗೆ ಇಂಟರ್ನಲ್ಸ್, ಓದ್ಲಿಕ್ಕೆ ಕೂತಿದ್ದಾನೆ, ನಾವು ಐದು ಜನ ಅವನಿಗೆ ಹೇಳದೆ ಹೊಸ ದೋಣಿ ಕಟ್ಟಿ, ಅವನ ಸಾಮಾನು ಇದ್ದ ಜಾಗದವರೆಗೆ ಹೋಗಿ ಕಾವಲು ನಿಂತೆವು, ಅವನು ಪರೀಕ್ಷೆ ಮುಗಿಸಿ ಬಂದಾಗ ಈಜಿ ಹೋಗಿ ತೆಗೆದುಕೊಳ್ಳುದೊಂದೇ ಬಾಕಿ. ಇದನ್ನು ಯಾವ ಡಿಎಂ ಬರೆದದ್ದು ಹೇಳಿ? ನಮಗೆ ಇದೇ ಕತೆ.

ಕದ್ರಿಕಂಬಳ_ಡಿಎಂ

ಓದಿ ಖುಷಿಯಾಯ್ತು ಮಾರಾಯ, ಒಳ್ಳೆ ಫ್ರೆಂಡ್ಸ್ ನಿಮ್ಮವರು. ಆದ್ರೆ ಅಲ್ಲಿ ಕಾವಲು ನಿಂತದ್ದು ನೀವು, ನಿಮ್ಮ ಪಾತ್ರ ಅಲ್ಲ. ಟೇಬಲಲ್ಲಿ ನಮ್ಮ ಕುವೈತಿನವ ಒಬ್ಬ ಜಿಪುಣ ಪೂಜಾರಿಯ ಪಾತ್ರ ಮಾಡ್ತಿದ್ದ, ಅವನು ನಿಜದಲ್ಲಿ ಕೈ ಬಿಟ್ಟು ಖರ್ಚು ಮಾಡುವವ. ಆ ಪೂಜಾರಿ ಫ್ರೆಂಡಿನ ಸಾಮಾನು ತರ್ಲಿಕ್ಕೆ ಹೋಗ್ತಿದ್ನಾ, ಹೋದ್ರೆ ಎಷ್ಟು ಕೇಳ್ತಿದ್ದ, ಅದೇ ನನಗೆ ಬೇಕಾದ ಆಟ.

ಸುರತ್ಕಲ್_ಕೇಬಲ್

ನಾನು ನೆಟ್‌ವರ್ಕ್ ಕೆಲಸದವ, ಟೇಬಲ್ ಆಟವೂ ಆಡಿದ್ದೇನೆ. ನಿಮ್ಮ ದುಃಖ ಹೊಸದಲ್ಲ. ಡಿ ಆಂಡ್ ಡಿ ಬಂದದ್ದು 1974ರಲ್ಲಿ, ಗ್ಯಾರಿ ಗೈಗ್ಯಾಕ್ಸ್ ಮತ್ತೆ ಡೇವ್ ಆರ್ನೆಸನ್ ಮಾಡಿದ್ದು. ನಾಲ್ಕೇ ವರ್ಷ, 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ಯೂನಿವರ್ಸಿಟಿಯಲ್ಲಿ ರಾಯ್ ಟ್ರಬ್‌ಶಾ ಶುರು ಮಾಡಿದ ಮಡ್ ಅನ್ನುವ ಆಟವನ್ನು ರಿಚರ್ಡ್ ಬಾರ್ಟಲ್ ಮುಂದುವರಿಸಿದ್ರು. ಚಿತ್ರವೇ ಇಲ್ಲ, ಬರೀ ಅಕ್ಷರ, ಬೇರೆ ಬೇರೆ ಟರ್ಮಿನಲಲ್ಲಿ ಕೂತವರು ಒಂದೇ ಲೋಕದಲ್ಲಿ ತಿರುಗುದು. ಅಲ್ಲಿಂದ ಇಲ್ಲಿಯವರೆಗೆ ಎಲ್ಲ ಕಡೆ ಇದೇ ಪ್ರಶ್ನೆ, ಕಂಪ್ಯೂಟರು ಲೆಕ್ಕ ಇಡ್ತದೆ, ಲೋಕ ತೋರಿಸ್ತದೆ, ಆದ್ರೆ ನೀವು ಹೊಸತಾಗಿ ಒಂದು ಹೇಳಿದ್ರೆ ಕೇಳಿಸ್ಕೊಳ್ಳುವವರು ಯಾರು?

ಅದೇ ಬಾರ್ಟಲ್ 1996ರಲ್ಲಿ ಆಟಗಾರರನ್ನು ನಾಲ್ಕು ತರ ಅಂತ ವಿಂಗಡಿಸಿದ್ರು, ಗೆಲ್ಲಬೇಕು ಅನ್ನುವವರು, ಹುಡುಕಿ ನೋಡಬೇಕು ಅನ್ನುವವರು, ಜನರ ಜೊತೆ ಬೆರೆಯಬೇಕು ಅನ್ನುವವರು, ಬೇರೆಯವರ ಮೇಲೆ ಬೀಳುವವರು. ನಿಮ್ಮ ಗುಂಪಲ್ಲಿ ಒಬ್ಬ ಮಾತಾಡ್ತಿರುವಾಗ ಇನ್ನೊಬ್ಬ ಹಿಂದೆ ಪೆಟ್ಟಿಗೆ ತೆರೀತಿರ್ತಾನಾ? ಟೇಬಲಲ್ಲಿ ಅವನನ್ನು ಹಿಡಿದು ಕೂರಿಸ್ತಿದ್ದದ್ದು ನೀವು. ಗೇಮಿಗೆ ಅದು ಬರುದಿಲ್ಲ.

ಹಾಗಂತ ಡಿಎಂಗೆ ಜಾಗ ಕೊಟ್ಟ ಗೇಮ್ ಇಲ್ಲ ಅಂತಲ್ಲ. 2002ರ ನೆವರ್‌ವಿಂಟರ್ ನೈಟ್ಸಲ್ಲಿ ಡಿಎಂಗೇ ಬೇರೆ ಕ್ಲೈಂಟ್, ಅಂದ್ರೆ ಬೇರೆ ಪ್ರೋಗ್ರಾಮೇ ಇತ್ತು, ಯಾವ ರಾಕ್ಷಸನ ಒಳಗೂ ಹೊಕ್ಕು ನೀವೇ ಮಾತಾಡಬಹುದು. 2017ರ ಡಿವಿನಿಟಿ ಒರಿಜಿನಲ್ ಸಿನ್ 2ರಲ್ಲೂ ಗೇಮ್ ಮಾಸ್ಟರ್ ಮೋಡ್ ಉಂಟು, ಬಾಲ್ಡರ್ಸ್ ಗೇಟ್ 3 ಮಾಡಿದ ಬೆಲ್ಜಿಯಮ್ಮಿನ ಲೇರಿಯನ್‌ದ್ದೇ ಅದು. ಇಲ್ಲದಿದ್ರೆ ರೋಲ್20ಯಲ್ಲಿ ನಿಮ್ಮ ಹಳೆ ಆಟವನ್ನೇ ಮುಂದುವರಿಸಿ ಅಲ್ವಾ, ಡೈಸ್ ಮ್ಯಾಪ್ ಎಲ್ಲ ಬ್ರೌಸರಲ್ಲೇ ಸಿಗ್ತದೆ.

ಒಂದು ಸಣ್ಣ ವಿಷಯ, ಬಾಲ್ಡರ್ಸ್ ಗೇಟ್ 3ರ ಸೆಟ್ಟಿಂಗ್ಸಲ್ಲಿ ಕಾರ್ಮಿಕ್ ಡೈಸ್ ಅಂತ ಉಂಟು, ಮೊದಲಿಂದಲೇ ಆನ್ ಇರ್ತದೆ. ಒಂದರ ಮೇಲೊಂದು ಸೋಲು ಬೀಳದ ಹಾಗೆ ಅದು ನೋಡ್ಕೊಳ್ತದೆ. ಅದನ್ನು ಆಫ್ ಮಾಡಿ. ಇಪ್ಪತ್ತು ಬೀಳುವ ಅವಕಾಶ 5% ಅಂದ್ರೆ 5% ಆಗಿರಬೇಕು, ಆಗ ಮಾತ್ರ ಬಿದ್ದಾಗ ಕೂಗ್ಲಿಕ್ಕೆ ಮನಸ್ಸಾಗುದು.

ಕದ್ರಿಕಂಬಳ_ಡಿಎಂ

ರೋಲ್20 ನಾವು 2020ರ ಲಾಕ್‌ಡೌನಲ್ಲಿ ಏಳೆಂಟು ತಿಂಗಳು ಆಡಿದ್ದೇವೆ. ಕಷ್ಟ ಆದದ್ದು ಮಾತು. ಟೇಬಲಲ್ಲಿ ಇಬ್ಬರು ಒಟ್ಟಿಗೆ ಬಾಯಿ ತೆರೆದ್ರೆ ಮುಖ ನೋಡಿಯೇ ಒಬ್ಬರು ನಿಲ್ಲಿಸ್ತಾರೆ, ವಾಯ್ಸ್ ಕಾಲಲ್ಲಿ ಇಬ್ಬರದ್ದೂ ಕಟ್ ಆಗಿ ಇಬ್ಬರೂ ಸುಮ್ಮನಾಗ್ತಾರೆ. ನಾನು ಒಂದು ಊರನ್ನು ವರ್ಣಿಸ್ತಾ ಹೋದ್ರೆ ಆಚೆ ಯಾರಿದ್ದಾರೋ ಇಲ್ವೋ ಗೊತ್ತಾಗುದಿಲ್ಲ. ಆಫೀಸ್ ಕೆಲಸದ ಹಾಗೆ ಆಗಿ ಹೋಯ್ತು, ಕಡೆಗೆ ಬಿಟ್ಟೆವು. ಗೇಮಲ್ಲಿ ಕಣ್ಣಿಗೆ ಎಲ್ರಿಗೂ ಒಂದೇ ಚಿತ್ರ ಇರ್ತದೆ, ಮಾತು ನಿಂತರೂ ಕೈಗೆ ಕೆಲಸ ಉಂಟು, ಅಷ್ಟು ಒಪ್ತೇನೆ. ಕಾರ್ಮಿಕ್ ಡೈಸ್ ಆಫ್ ಮಾಡಿದೆ, ಹೇಳಿದ್ದು ಒಳ್ಳೆದಾಯ್ತು.

ಅಂಬಲಪಾಡಿ_ಹಿಮ್ಮೇಳ

ನಾನು ಗೇಮರ್ ಅಲ್ಲ, ಮಗ ಆಡುದನ್ನು ನೋಡಿ ಗೊತ್ತು. ಆದ್ರೆ ಇಲ್ಲಿ ಒಂದು ಮಾತು ಹೇಳದೆ ಮನಸ್ಸು ಕೇಳುದಿಲ್ಲ. ನೀವು ಟೇಬಲಲ್ಲಿ ಮಾಡುದು ನಮ್ಮ ಯಕ್ಷಗಾನದ ತಾಳಮದ್ದಳೆ ಮಾರಾಯ್ರೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಪಾತ್ರ, ಮಾತೇ ಎಲ್ಲ. ಮೇ ಕೊನೆಯ ಹೊತ್ತಿಗೆ ಪತ್ತನಾಜೆಗೆ ಮೇಳದವರು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲ ಪೂರಾ ನಮಗೆ ಇದೇ ಅಲ್ವಾ, ನಿಮ್ಮ ಮೇಣದಬತ್ತಿ ಬೆಳಕಿನ ಆಟವೂ ಜುಲೈಯದ್ದೇ.

ಈಗ ವಿಷಯಕ್ಕೆ ಬರ್ತೇನೆ. ಗೇಮಲ್ಲಿ ಕತೆ ಮೊದಲೇ ಬರೆದಿಟ್ಟದ್ದು, ಹಾಗಾಗಿ ಪಾತ್ರಕ್ಕೆ ಜಾಗ ಇಲ್ಲ ಅಂತೀರಿ. ವಾಲಿವಧೆ ಪ್ರಸಂಗದಲ್ಲಿ ವಾಲಿ ಸಾಯ್ತಾನೆ ಅಂತ ಯಾರಿಗೆ ಗೊತ್ತಿಲ್ಲ? ಭಾಗವತರು ಹಾಡುವ ಪದ್ಯ ಕೂಡ ಮೊದಲೇ ಬರೆದದ್ದೇ. ಆದ್ರೂ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಒಂದೊಂದೇ ಪ್ರಶ್ನೆ ಕೇಳ್ತಾ ಹೋಗುವಾಗ ಇವತ್ತು ರಾಮ ಎಂತ ಹೇಳ್ತಾನೆ ಅಂತ ಸಭೆ ಪೂರಾ ಕಾದು ಕೂರ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಅಂದ್ರೆ ಪದ್ಯದ ಮೇಲೆ ಪಾತ್ರವಾಗಿ ಆಡುವ ಮಾತು, ಕೇಳ್ಲಿಕ್ಕೆ ಜನ ಹೋಗ್ತಿದ್ದದ್ದು ಕತೆ ಗೊತ್ತಿಲ್ಲದೆ ಅಲ್ಲ. ಕತೆ ಬದಲಾಗುದಿಲ್ಲ, ಅರ್ಥ ಪ್ರತಿ ದಿನ ಹೊಸತು.

ಸುರತ್ಕಲ್_ಕೇಬಲ್

ಹೋಲಿಕೆ ಒಪ್ಪಿದೆ, ಆದ್ರೆ ಒಂದು ಕಡೆ ಕೂರುದಿಲ್ಲ. ತಾಳಮದ್ದಳೆಯಲ್ಲಿ ಎದುರು ಕೂತ ಅರ್ಥಧಾರಿ ಉತ್ತರ ಕೊಡ್ತಾರೆ. ಗೇಮಿನ ದೋಣಿಯವ ರೆಕಾರ್ಡ್ ಮಾಡಿಟ್ಟದ್ದನ್ನೇ ಹೇಳುದು, ಅವನ ಹತ್ರ ಎಂತ ವಾದ ಮಾಡುದು?

ಅಂಬಲಪಾಡಿ_ಹಿಮ್ಮೇಳ

ಅವನ ಹತ್ರ ಯಾಕೆ? ಅವನು ಪದ್ಯ. ಪದ್ಯದ ಹತ್ರ ಯಾರೂ ವಾದ ಮಾಡುದಿಲ್ಲ. ಅರ್ಥ ಹೇಳಬೇಕಾದ್ದು ಕೂತ ನಾಲ್ಕು ಜನ, ಒಬ್ಬರಿಗೊಬ್ಬರು. ಅವನನ್ನು ಕೊಲ್ಲುದಾ ಬಿಡುದಾ ಅಂತ ಗೇಮ್ ಕೇಳುವಾಗ ಬಟನ್ ಒತ್ತುವ ಮೊದಲು ಆ ಜಿಪುಣ ಪೂಜಾರಿ ಒಂದು ಮಾತು ಹೇಳ್ಲಿ, ಅದಕ್ಕೆ ಇನ್ನೊಬ್ಬ ಎದುರು ಹೇಳ್ಲಿ. ಗೇಮ್ ಕಾಯ್ತದಲ್ಲ?

ಸುರತ್ಕಲ್_ಕೇಬಲ್

ಕಾಯ್ತದೆ, ಅದು ಸರಿ. ಟರ್ನ್ ಬೇಸ್ಡ್, ಅಂದ್ರೆ ಸರದಿ ಪ್ರಕಾರ ಆಡುವ ಗೇಮಿನ ದೊಡ್ಡ ಗುಣ ಅದು. ಶೂಟಿಂಗ್ ಗೇಮಲ್ಲಿ ಇಲ್ಲಿಂದ ಮುಂಬೈ ಸರ್ವರಿಗೆ ಹೋಗಿ ಬರುವ ಮಿಲಿಸೆಕೆಂಡಿಗೂ ಲೆಕ್ಕ ಉಂಟು, ಇಲ್ಲಿ ಕುವೈತಿನವನ ನೆಟ್ ಅರ್ಧ ಸೆಕೆಂಡ್ ತಡ ಆದ್ರೂ ಎಂತ ಹಾಳಾಗುದಿಲ್ಲ. ಈ ನಮೂನೆಯಲ್ಲಿ ನಾನು ಯೋಚನೆ ಮಾಡಿರ್ಲಿಲ್ಲ.

ಕೋಟೇಶ್ವರ_ರೇಂಜರ್

ಹ್ವಾಯ್, ನಾನೂ ಒಂದು ಹೇಳ್ತೆ. ಪಾತ್ರ ಮಾಡ್ಲಿಕ್ಕೆ ಆಸೆ ಅಂತ ಕಳೆದ ವರ್ಷ ಜಿಟಿಎ ಗೇಮಿನ ರೋಲ್‌ಪ್ಲೇ ಸರ್ವರ್, ಅಂದ್ರೆ ಎಲ್ರೂ ಒಂದೊಂದು ಪಾತ್ರ ಆಗಿ ಆಡುವ ಜಾಗ, ಒಂದಕ್ಕೆ ಸೇರಿದ್ದೆ, ಹೆಸರು ಬೇಡ. ರೂಲ್ಸ್ ಓದುವಾಗ ಭಾರೀ ಖುಷಿ, ಪಾತ್ರದಿಂದ ಹೊರಗೆ ಬಂದು ಮಾತಾಡುವ ಹಾಗಿಲ್ಲ, ನಿಮಗೆ ಗೊತ್ತಿದ್ದು ಪಾತ್ರಕ್ಕೆ ಗೊತ್ತಿಲ್ಲದ್ದನ್ನು ಬಳಸುವ ಹಾಗಿಲ್ಲ, ಎಲ್ಲ ಟೇಬಲಿನ ಹಾಗೆ. ನಾನು ಆಂಬುಲೆನ್ಸ್ ಡ್ರೈವರ್. ಎರಡು ದಿನ ಚಂದ ಹೋಯ್ತು. ಮೂರನೇ ದಿನ ಮೈಕಲ್ಲಿ ಹುಡುಗಿ ಸ್ವರ ಅಂತ ಗೊತ್ತಾದದ್ದೇ ತಡ, ಗಾಯ ಇಲ್ಲದವರೂ ಆಂಬುಲೆನ್ಸಿಗೆ ಫೋನ್ ಮಾಡುದು, ಹತ್ತಿ ಕೂತು ಬಾಯಿಗೆ ಬಂದದ್ದು ಮಾತಾಡುದು, ಕೇಳಿದ್ರೆ ಇದು ನನ್ನ ಪಾತ್ರ ಅನ್ನುದು. ಕಂಪ್ಲೇಂಟ್ ಕೊಟ್ರೆ ನೀವು ಮೈಕ್ ಆಫ್ ಇಟ್ಕೊಳ್ಳಿ ಅಂದ್ರು. ಬಿಟ್ಟೆ.

ಈಗ ಆಡುದು ಕಾಲೇಜಿನ ಮೂರು ಜನ ಹುಡುಗಿಯರ ಒಟ್ಟಿಗೆ ಮಾತ್ರ. ಹಾಗಾಗಿ ಅಣ್ಣ, ನಿಮಗೆ ಐದು ಜನ ಗುರ್ತದವರ ಗುಂಪು ಉಂಟಲ್ಲ, ಅದು ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ಪುಣೆಯ ಅಕ್ಕ ಅಷ್ಟು ಸಮಯದ ಮೇಲೆ ಬರುವಾಗ ನೀವು ಎದ್ದು ಹೋಗ್ಬೇಡಿ. ಅವರು ಬರುದು ಗೇಮಿಗೆ ಅಲ್ಲ.

ಮಣಿಪಾಲ_ವೈಕಿಂಗ್

ಅಕ್ಕ ಹೇಳಿದ್ದು ಸರಿ. ಮೈಕ್ ಆಫ್ ಮಾಡ್ಬೇಕಾದ್ದು ಅವರದ್ದು, ನಿಮ್ಮದಲ್ಲ.

ಡಿಎಂ ಅಣ್ಣ, ನಾಲ್ಕು ಜನ ಆಡ್ಲಿ, ನೀವು ಸ್ಕ್ರೀನ್ ಶೇರ್ ನೋಡ್ತಾ ಕಾಲಲ್ಲಿ ಕೂತ್ರೆ ಆಗುದಿಲ್ವಾ? ತಾಳಮದ್ದಳೆಯಲ್ಲಿ ಭಾಗವತರು ಪಾತ್ರ ಮಾಡುದಿಲ್ಲ, ಆದ್ರೆ ಆಟ ನಡೆಸುದು ಅವರೇ ಅಲ್ವಾ.

ಅಂಬಲಪಾಡಿ_ಹಿಮ್ಮೇಳ

ಹೌದು ಮಾರಾಯ, ಮೊದಲ ವೇಷಧಾರಿ ಅಂತ ಹಿರಿಯರು ಹೇಳುದು ಭಾಗವತರನ್ನೇ.

ಕದ್ರಿಕಂಬಳ_ಡಿಎಂ · ಎರಡು ವಾರದ ಮೇಲೆ

ಹೇಳಿದ ಹಾಗೆ ಮಾಡಿ ನೋಡಿದೆವು, ಎರಡು ಶನಿವಾರ ಆಯ್ತು. ಸೀಟ್ ಪುಣೆಯವಳಿಗೆ ಕೊಟ್ಟೆ, ನಾನು ಕಾಲಲ್ಲಿ. ಎರಡು ರೂಲ್ ಮಾತ್ರ ಇಟ್ಟದ್ದು. ಯಾರಾದ್ರೂ ಮಾತಿಗೆ ಕೂತರೆ ಉಳಿದವರ ಕೈ ಮೌಸಿಂದ ಹೊರಗೆ. ಬಟನ್ ಒತ್ತುವ ಮೊದಲು ಪಾತ್ರದ ಬಾಯಲ್ಲಿ ಕಾರಣ ಹೇಳಬೇಕು.

ಮೊದಲ ಶನಿವಾರ ಸರಿ ಕೂಡಿ ಬರ್ಲಿಲ್ಲ, ಸುಳ್ಳು ಹೇಳುದಿಲ್ಲ. ಪೆಟ್ಟಿಗೆ ತೆರೆಯುವವನಿಗೆ ಕಾದು ಕಾದು ಬೇಜಾರಾಯ್ತು, ಹನ್ನೊಂದೂವರೆಗೇ ನಿಲ್ಲಿಸಿದೆವು.

ನಿನ್ನೆ ಬೇರೆಯೇ ಆಯ್ತು. ಗೇಮಲ್ಲಿ ರಾತ್ರಿ ಕ್ಯಾಂಪ್ ಹಾಕುದು ಅಂತ ಉಂಟು. ಅಲ್ಲಿ ಬೆಂಕಿ ಸುತ್ತ ನಾಲ್ಕು ಜನ ನಿಂತ ಕೂಡ್ಲೇ ನಾನು ಹೇಳಿದೆ, ಈಗ ಯಾರೂ ಎಂತ ಒತ್ಬೇಡಿ. ಇವತ್ತು ನೀವು ಕೊಂದ ಆ ಗಾಬ್ಲಿನ್ ಕಾವಲುಗಾರನ ಚೀಲದಲ್ಲಿ ಒಂದು ಮರದ ಗೊಂಬೆ ಇತ್ತು, ಅದು ಈಗ ಪೂಜಾರಿ ಕೈಯಲ್ಲಿ ಉಂಟು ಅಂತ. ಗೇಮಲ್ಲಿ ಅಂಥದ್ದು ಎಂತ ಇಲ್ಲ. ಒಂದು ಐದು ಸೆಕೆಂಡ್ ಯಾರೂ ಮಾತಾಡ್ಲಿಲ್ಲ, ನನಗೆ ಲಾಕ್‌ಡೌನಿನ ಆ ಮೌನ ನೆನಪಾಗಿ ಎದೆ ಹೊಡೆದುಕೊಳ್ಳಿಕ್ಕೆ ಶುರು. ಆಮೇಲೆ ಪೂಜಾರಿ ಆ ಜಿಪುಣ ಸ್ವರದಲ್ಲಿ, ಇದಕ್ಕೆ ಪೇಟೆಯಲ್ಲಿ ಎರಡು ಕಾಸೂ ಬರ್ಲಿಕ್ಕಿಲ್ಲ ಅಂದ. ಪುಣೆಯವಳು ಕೇಳಿದ್ಲು, ಹಾಗಾದ್ರೆ ನೀನು ಅದನ್ನು ಬಿಸಾಡ್ಲಿಲ್ಲ ಯಾಕೆ?

ಅಲ್ಲಿಂದ ಮುಕ್ಕಾಲು ಗಂಟೆ ಯಾರೂ ಮೌಸ್ ಮುಟ್ಲಿಲ್ಲ. ಪೆಟ್ಟಿಗೆಯವನೇ ಕಡೆಗೆ ಹೇಳಿದ್ದು, ನಾಳೆ ಆ ಕಾವಲುಗಾರನ ಜನರ ಹತ್ರ ಮಾತಾಡುವ ಆಯ್ಕೆ ಬಂದ್ರೆ ಕತ್ತಿ ಎತ್ತುದು ಬೇಡ, ನಾನು ಹೋಗ್ತೇನೆ ಅಂತ. ಅವನ ಬೆಂಗಳೂರಿನ ರೂಮಲ್ಲಿ ನಮ್ಮ ಹಳೆ ಡೈಸ್ ಸೆಟ್ ಉಂಟಂತೆ, ಮಾಳಿಗೆಯಿಂದ ತೆಗೊಂಡು ಹೋದದ್ದು ನನಗೆ ಗೊತ್ತೇ ಇರ್ಲಿಲ್ಲ. ಮೈಕಿನ ಹತ್ರ ಮೇಜಿನ ಮೇಲೆ ಉರುಳಿಸಿದ, ಆ ಟಕಟಕ ಸದ್ದು ಐದೂ ಜನಕ್ಕೆ ಕೇಳಿತು. ಹದಿನೇಳು.

ಕೋಟೇಶ್ವರ_ರೇಂಜರ್

ಅಕ್ಕ ಎಂತ ಹೇಳಿದ್ರು ಅಣ್ಣ?

ಕದ್ರಿಕಂಬಳ_ಡಿಎಂ

ಮಗು ಎದ್ದಿತು, ಎತ್ಕೊಂಡೇ ಆಡಿದ್ಲು. ಮುಂದಿನ ಶನಿವಾರ ಹತ್ತಕ್ಕೆ ಬೇಡ, ಒಂಬತ್ತೂವರೆಗೇ ಶುರು ಮಾಡುವ ಅಂದಿದ್ದಾಳೆ. ಕುವೈತಿನವ ಏಳು ಗಂಟೆಗೆ ರೆಡಿ ಇರ್ತೇನೆ ಅಂದ.