ಐಬಿಎಸ್ (ಟೆಸ್ಟಲ್ಲಿ ಏನೂ ಕಾಣದೆ ಕರುಳು ಕೆಡೋ ತೊಂದರೆ) ಅಂತಾರೆ, ಪಿತ್ತರಸದ ಪ್ರಾಬ್ಲಂ ಇರಬಹುದಾ? ಟೆಸ್ಟ್ ಹೇಗೆ ಮಾಡ್ತಾರೆ?

ಮಸಾಲೆದೋಸೆ ಬಿಟ್ಟವ:
ಎಲ್ರಿಗೂ ನಮಸ್ಕಾರ. ವಯಸ್ಸು 41, ತುಮಕೂರಿಂದ ಬೆಂಗಳೂರಿಗೆ ದಿನಾ ಬಸ್ಸಲ್ಲಿ ಓಡಾಟ. 6 ವರ್ಷದಿಂದ ಲೂಸ್ ಮೋಷನ್, ಬೆಳಗ್ಗೆ ಕಾಫಿಗೆ ಮುಂಚೆನೇ ಎರಡು ಸಲ, ತಿಂಡಿ ಆದ್ಮೇಲೆ ಮತ್ತೆ, ಬಂತು ಅಂದ್ರೆ ತಡ್ಕೊಳ್ಳೋಕೆ ಆಗಲ್ಲ, ದಾಬಸ್‌ಪೇಟೆ ನೆಲಮಂಗಲ ಎಲ್ಲೆಲ್ಲಿ ಟಾಯ್ಲೆಟ್ ಇದೆ ಅಂತ ಬಾಯಿಪಾಠ ಆಗಿದೆ. ಕೊಲೊನೋಸ್ಕೋಪಿ (ಕರುಳೊಳಗೆ ಕ್ಯಾಮೆರಾ ಬಿಟ್ಟು ನೋಡೋದು) ನಾರ್ಮಲ್, ಥೈರಾಯ್ಡ್ ನಾರ್ಮಲ್, ಕೊನೆಗೆ ಐಬಿಎಸ್, ಟೆನ್ಷನ್ ಕಮ್ಮಿ ಮಾಡ್ಕೊಳ್ಳಿ ಅಂದ್ರು. ಟೆನ್ಷನ್ ಇರೋದೇ ಇದರಿಂದ ಸ್ವಾಮಿ! 7 ವರ್ಷದ ಹಿಂದೆ ಗಾಲ್‌ಬ್ಲಾಡರ್ (ಪಿತ್ತಕೋಶ) ಸ್ಟೋನ್ ಅಂತ ಗಾಲ್‌ಬ್ಲಾಡರೇ ತೆಗೆಸಿದ್ದೆ, ಅದಕ್ಕೂ ಇದಕ್ಕೂ ಸಂಬಂಧ ಇದ್ಯಾ? ನಮ್ಮಜ್ಜಿ ಪಿತ್ತ ಕೆದರಿದೆ, ನಿಂಬೆಹಣ್ಣು ಹಿಂಡ್ಕೊಂಡು ಕುಡಿ ಅಂತಾರೆ.

ಲೆಸ್ಟರ್ ಕನ್ನಡಿಗ:
ಅಜ್ಜಿ ಹೆಸರು ಸರಿಯಾಗೇ ಹೇಳಿದಾರೆ, ಆದ್ರೆ ಇದು ತಲೆ ಸುತ್ತೋ ಪಿತ್ತ ಅಲ್ಲ, ಲಿವರ್‌ನಿಂದ ಬರೋ ಪಿತ್ತರಸ 😀 ನಂಗೂ 4 ವರ್ಷ ಐಬಿಎಸ್ ಅಂತಾನೇ ಹೇಳಿದ್ರು. ಇಲ್ಲಿ ಇಂಗ್ಲೆಂಡಲ್ಲಿ ಸೀಕ್ಯಾಟ್ ಅಂತ ಟೆಸ್ಟ್ ಇದೆ, ಪಿತ್ತರಸದ ಆಮ್ಲದ ಥರದ್ದಕ್ಕೆ ಸ್ಕ್ಯಾನಲ್ಲಿ ಕಾಣೋ ಸೆಲೀನಿಯಂ-75 ಸೇರಿಸಿರೋ ಒಂದು ಕ್ಯಾಪ್ಸೂಲ್ ನುಂಗಿಸಿ ಕೆಲವು ಗಂಟೆ ಆದ್ಮೇಲೆ ಸ್ಕ್ಯಾನ್, 7 ದಿನ ಬಿಟ್ಟು ಇನ್ನೊಂದು ಸ್ಕ್ಯಾನ್, ಅಷ್ಟೇ, ಸೂಜಿನೂ ಇಲ್ಲ. ಒಳಗೆ ಎಷ್ಟು ಉಳ್ಕೊಂಡಿದೆ ನೋಡ್ತಾರೆ, 15%ಗಿಂತ ಕಮ್ಮಿ ಇದ್ರೆ ಪಿತ್ತರಸ ಕರುಳು ವಾಪಸ್ ಹೀರದೆ ಹೊರಗೆ ಹೋಗ್ತಿದೆ ಅಂತ ಲೆಕ್ಕ, 5%ಗಿಂತ ಕಮ್ಮಿ ಅಂದ್ರೆ ತೀವ್ರ. ನಂದು 8. ಅಮೆರಿಕದಲ್ಲಿರೋ ನಮ್ಮಕ್ಕನಿಗೆ ಈ ಟೆಸ್ಟೇ ಸಿಗ್ಲಿಲ್ಲ, ಅಲ್ಲಿ ಅದಕ್ಕೆ ಅನುಮತಿ ಇಲ್ಲ.

ಪಿಜಿ ನೈಟ್‌ಡ್ಯೂಟಿ:
ಸಂಬಂಧ ಇದೆ ಸರ್. ಪಿತ್ತರಸದಲ್ಲಿರೋ ಆಮ್ಲಗಳಲ್ಲಿ ಸುಮಾರು 95% ಭಾಗ ಸಣ್ಣಕರುಳಿನ ಕೊನೇ ಭಾಗ ಇಲಿಯಂ ವಾಪಸ್ ಹೀರ್ಕೊಳ್ಳುತ್ತೆ. ಹೀರದೇ ಉಳಿದಿದ್ದು ದೊಡ್ಡಕರುಳಿಗೆ ಹೋದ್ರೆ ಅಲ್ಲಿ ನೀರು ಎಳ್ಕೊಳ್ಳುತ್ತೆ, ಭೇದಿ. ಗಾಲ್‌ಬ್ಲಾಡರ್ ತೆಗೆದ್ಮೇಲೆ ಕೆಲವರಿಗೆ ಹೀಗಾಗುತ್ತೆ. ಭೇದಿ ಜಾಸ್ತಿ ಇರೋ ಐಬಿಎಸ್ ಅಂತ ಚೀಟಿ ಅಂಟಿಸ್ಕೊಂಡವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಅಸಲಿ ಕಾಯಿಲೆ ಇದೇ. ಸಿ4 (ಲಿವರ್ ಪಿತ್ತರಸದ ಆಮ್ಲ ಮಾಡುವಾಗ ರಕ್ತಕ್ಕೆ ಬರೋ ವಸ್ತು) ಅಂತ ರಕ್ತದ ಟೆಸ್ಟೂ ಇದೆ, ಬೆಳಗ್ಗೆ ಖಾಲಿ ಹೊಟ್ಟೇಲಿ ಕೊಡ್ಬೇಕು ಯಾಕಂದ್ರೆ ದಿನದಲ್ಲಿ ಏರಿಳಿತ ಆಗುತ್ತೆ, ಪಿತ್ತರಸ ಹೀಗೆ ಹೊರಗೆ ಹೋದಷ್ಟೂ ಲಿವರ್ ಹೊಸದು ಮಾಡ್ತಾ ಹೋಗುತ್ತೆ, ಆವಾಗ ಸಿ4 ಮೇಲೆ. ಟೆಸ್ಟ್ ಕೈಗೆ ಸಿಗದ ಕಡೆ ಡಾಕ್ಟರು ಕೊಲೆಸ್ಟಿರಮೈನ್ ಅಂತ ಪಿತ್ತರಸದ ಆಮ್ಲನ ಕರುಳಲ್ಲೇ ಹಿಡ್ಕೊಳ್ಳೋ ಪುಡಿ ಕೊಟ್ಟು ನೋಡೋದೂ ಉಂಟು. ಕಮ್ಮಿ ಆದ್ರೆ ಅನುಮಾನ ಗಟ್ಟಿ, ಆಗದಿದ್ರೆ ಇಲ್ಲವೇ ಇಲ್ಲ ಅಂತ ಹೇಳಕ್ಕಾಗಲ್ಲ, ರುಚಿ ಸೇರದೆ ಬೇಗ ಬಿಟ್ಟುಬಿಡೋರೂ ಇದಾರೆ. ಮೊದಲು ಒಂದು ಕೆಲಸ ಮಾಡಿ, ಕೊಲೊನೋಸ್ಕೋಪಿ ರಿಪೋರ್ಟಲ್ಲಿ ಇಲಿಯಂ ತನಕ ಹೋಗಿದಾರಾ, ಬಯಾಪ್ಸಿಗೆ ಅಂತ ಚೂರು ತೆಗೆದಿದಾರಾ ನೋಡಿ. ನಮ್ಮ ಕಡೆ ಕರುಳಿನ ಟಿಬಿ, ಕ್ರೋನ್ಸ್ (ಕರುಳಿನ ಉರಿಯೂತದ ಕಾಯಿಲೆ) ಕೂಡ ಅದೇ ಜಾಗ ಹಿಡಿಯುತ್ತೆ. ತೂಕ ಇಳೀತಿದ್ರೆ, ರಕ್ತ ಹೋಗ್ತಿದ್ರೆ ಕಾಯ್ಬೇಡಿ.

ಉಪ್ಪಿಟ್ಟು ಪ್ರೇಮಿ:
ಆ ಪುಡಿ ನಾನು ತಗೊಳ್ತಿದೀನಿ, ನೀರಲ್ಲಿ ಕರಗಲ್ಲ, ರಂಗೋಲಿ ಪುಡಿ ಕುಡಿದ ಹಾಗೆ, ಲೋಟದ ತಳದಲ್ಲಿ ಕೂತಿದ್ದಕ್ಕೆ ಮತ್ತೆ ನೀರು ಹಾಕಿ ಕುಡೀಬೇಕು. ಬೇರೆ ಮಾತ್ರೆ ಇದ್ರೆ ಇದಕ್ಕೆ ಒಂದು ಗಂಟೆ ಮುಂಚೆ, ಇಲ್ಲಾ 4ರಿಂದ 6 ಗಂಟೆ ಆದ್ಮೇಲೆ ತಗೊಳ್ಳಿ, ಇಲ್ಲಾಂದ್ರೆ ಅದನ್ನೂ ಹಿಡ್ಕೊಂಡು ಹೊರಗೆ ಹಾಕುತ್ತೆ.

ಮಸಾಲೆದೋಸೆ ಬಿಟ್ಟವ:
ಥ್ಯಾಂಕ್ಸ್ ಎಲ್ರಿಗೂ. ಬೀರು ತೆಗೆದು ರಿಪೋರ್ಟ್ ಹುಡುಕಿದೆ, ಇಲಿಯಂ ನಾರ್ಮಲ್ ಅಂತ ಬರೆದಿದೆ, ಬಯಾಪ್ಸಿ ಅನ್ನೋ ಪದವೇ ಇಲ್ಲ. ಗುರುವಾರ ಡಾಕ್ಟರ್ ಹತ್ರ ಹೋಗ್ತೀನಿ. ಬಸ್ಸಲ್ಲೇ.